ಗುಂಡಿ ನಮ್ಮದು, ಕೆಲಸ ಯಾರದು?

ಪ್ರೋಗ್ರಾಂ ಬರೆಯಲು ಕಲಿಯುತ್ತಿರುವ ಯಾರನ್ನಾದರೂ ಹತ್ತು ನಿಮಿಷ ಸುಮ್ಮನೆ ಗಮನಿಸಿ ನೋಡಿ. ಒಂದು ಸಾಲು ಬರೆಯುತ್ತಾರೆ. ಸೇವ್ ಮಾಡುತ್ತಾರೆ. ಮೌಸ್ ಹಿಡಿದು ಇನ್ನೊಂದು ಕಿಟಕಿಗೆ ಹೋಗುತ್ತಾರೆ. ಅಲ್ಲಿ ಕಮಾಂಡ್ ಕೊಟ್ಟು ಪ್ರೋಗ್ರಾಂ ಓಡಿಸುತ್ತಾರೆ. ಬಂದ ತಪ್ಪನ್ನು ಓದಿಕೊಂಡು ಮೊದಲ ಕಿಟಕಿಗೆ ವಾಪಸ್ ಬರುತ್ತಾರೆ. ಅಷ್ಟರಲ್ಲಿ ತಪ್ಪು ಎಷ್ಟನೇ ಸಾಲಿನಲ್ಲಿತ್ತು ಎಂಬುದೇ ಮರೆತುಹೋಗಿರುತ್ತದೆ! ಮತ್ತೆ ಆ ಕಿಟಕಿ, ಮತ್ತೆ ಈ ಕಿಟಕಿ. ಒಲೆ ಅಡುಗೆಮನೆಯಲ್ಲಿ, ನೀರು ಹಿತ್ತಲಲ್ಲಿ, ಉಪ್ಪಿನ ಡಬ್ಬಿ ಜಗಲಿಯಲ್ಲಿ ಇಟ್ಟುಕೊಂಡು ಸಾರು ಮಾಡಿದ ಹಾಗೆ.

ಬಿಸಿಎ ಸೇರಿದ ಮೇಲೆ ನಾನೂ ಬಹಳ ದಿನ ಹೀಗೇ ಓಡಾಡಿದೆ. ಈಗ ಅಷ್ಟೆಲ್ಲ ಇಲ್ಲ, ಎಫ್5 ಗುಂಡಿ ಒತ್ತುತ್ತೇನೆ. ಬರೆದದ್ದು ಸೇವ್ ಆಗುತ್ತದೆ, ಪ್ರೋಗ್ರಾಂ ಓಡುತ್ತದೆ, ಫಲಿತಾಂಶ ಕಣ್ಣ ಮುಂದೆ ಬರುತ್ತದೆ. ಎಂಟರ್ ಒತ್ತಿದರೆ ಬಿಟ್ಟ ಸಾಲಿಗೇ ವಾಪಸ್. ಆ ಗುಂಡಿಗೆ ಈ ಕೆಲಸ ಹೇಳಿಕೊಟ್ಟವಳು ನಾನೇ. ಅದರ ಸುಖವನ್ನೂ ನೋಡಿದ್ದೇನೆ, ಅದರ ಅಪಾಯವನ್ನೂ ತೀರಾ ಹತ್ತಿರದಿಂದ ನೋಡಿದ್ದೇನೆ. ಎರಡನ್ನೂ ಹೇಳಬೇಕೆನಿಸಿತು.

ಯಾವ ಎಡಿಟರ್?

ಇಲ್ಲಿ ಎಡಿಟರ್ ಎಂದರೆ ಪತ್ರಿಕೆಯ ಸಂಪಾದಕರಲ್ಲ, ಅಕ್ಷರ ಬರೆಯುವ ತಂತ್ರಾಂಶ. ನೋಟ್‌ಪ್ಯಾಡ್ ಎಲ್ಲರಿಗೂ ಗೊತ್ತು. ನಾನು ಬಳಸುವುದು ವಿಮ್. ಮನೆಯಲ್ಲಿ ಈ ಹೆಸರು ಹೇಳಿದಾಗ ಅಮ್ಮ, ‘ಪಾತ್ರೆ ತೊಳೆಯೋ ಸೋಪಾ?’ ಅಂದಿದ್ದರು. ಅದಲ್ಲ. ನೆದರ್‌ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಬರೆದು 1991ರಲ್ಲಿ ಹೊರತಂದ ಉಚಿತ ತಂತ್ರಾಂಶ ಇದು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಇದನ್ನು ಬಳಸುವವರಿಂದ ಅವರು ಹಣ ಕೇಳಲಿಲ್ಲ, ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂದು ಕೇಳಿದರು. ಖಾಲಿ ವಿಮ್ ತೆರೆದರೆ ಆ ಕೋರಿಕೆ ಕಾಣುತ್ತದೆ.

ನನ್ನದು ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. ಕಾಲೇಜಿನಲ್ಲಿ ತೋರಿಸುವ ದೊಡ್ಡ ತಂತ್ರಾಂಶಗಳನ್ನು ಅದರಲ್ಲಿ ತೆರೆದರೆ ಫ್ಯಾನ್ ಗಿರಣಿಯ ಹಾಗೆ ಕೂಗುತ್ತದೆ. ವಿಮ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಇಷ್ಟು ಹಗುರವಾಗಿರಲು ಒಂದು ಮುಖ್ಯ ಕಾರಣ, ಅದು ಎಲ್ಲ ಕೆಲಸವನ್ನೂ ತಾನೇ ಮಾಡಲು ಹೋಗುವುದಿಲ್ಲ. ಪ್ರೋಗ್ರಾಂ ಓಡಿಸುವುದು ಅದಕ್ಕೆ ಬಾರದು, ಪದ ಎಣಿಸಲು ಬೇರೆ ಕಮಾಂಡ್ ಇದೆ, ವರ್ಣಮಾಲೆಯಂತೆ ಜೋಡಿಸಲು ಇನ್ನೊಂದು ಇದೆ. ಅವುಗಳನ್ನು ಕರೆದು ಕೆಲಸ ಕೊಡುವುದು ಹೇಗೆಂದು ಅದಕ್ಕೆ ಗೊತ್ತು. ದೊಡ್ಡ ಮನೆಯ ಮದುವೆಯಲ್ಲಿ ಯಜಮಾನ ತಾನೇ ಅಡುಗೆ ಮಾಡುತ್ತಾನೆಯೇ? ಭಟ್ಟರನ್ನು ಕರೆಸುತ್ತಾನೆ, ಅಷ್ಟೆ.

ಐವತ್ತು ವರ್ಷದ ಚಿಹ್ನೆ

ಹೀಗೆ ಹೊರಗಿನವರನ್ನು ಕರೆಯುವ ಪದ್ಧತಿ ಹೊಸದಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದ ‘ಎಡ್’ ಎಂಬ ಎಡಿಟರ್ ಇತ್ತು. ಪರದೆಯೇ ಇಲ್ಲದ, ಉತ್ತರವನ್ನು ಕಾಗದದ ಮೇಲೆ ಅಚ್ಚೊತ್ತುವ ಯಂತ್ರಗಳ ಕಾಲ ಅದು. ಆಗಲೇ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಮುಂದೆ ಕಮಾಂಡ್ ಬರೆದರೆ ಎಡಿಟರ್ ಬಿಟ್ಟು ಹೊರಬರದೆ ಅದನ್ನು ಓಡಿಸಬಹುದಿತ್ತು. ಅದೇ ಲ್ಯಾಬ್‌ನ ಡಗ್ ಮ್ಯಾಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ, ತೋಟದ ನೀರಿನ ಪೈಪುಗಳಂತೆ ಪ್ರೋಗ್ರಾಂಗಳನ್ನು ಒಂದಕ್ಕೊಂದು ಜೋಡಿಸುವಂತಿರಬೇಕು ಎಂಬ ವಿಚಾರ ಬರೆದಿದ್ದರು. 1973ರಲ್ಲಿ ಯುನಿಕ್ಸ್‌ನಲ್ಲಿ ಅದು ನಿಜವಾಯಿತು. ಒಂದರಿಂದ ಬಂದದ್ದು ಇನ್ನೊಂದಕ್ಕೆ ಹರಿಯುತ್ತದೆ. ಪ್ರತಿಯೊಂದೂ ಚಿಕ್ಕದು, ಕೂಡಿದರೆ ಬಲ ಹೆಚ್ಚು.

1976ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಬಿಲ್ ಜಾಯ್ ‘ವಿಐ’ ಎಂಬ ಎಡಿಟರ್ ಬರೆಯಲು ಕೂತರು. ಅವರ ಮುಂದಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಎಚ್, ಜೆ, ಕೆ, ಎಲ್ ಗುಂಡಿಗಳ ಮೇಲೆಯೇ ಬಾಣದ ಗುರುತುಗಳಿದ್ದವು. ಹಾಗಾಗಿ ಇವತ್ತಿಗೂ ವಿಮ್‌ನಲ್ಲಿ ಎಡ, ಕೆಳಗೆ, ಮೇಲೆ, ಬಲಕ್ಕೆ ಹೋಗಲು ಅವೇ ನಾಲ್ಕು ಅಕ್ಷರ. ಆ ಆಶ್ಚರ್ಯಸೂಚಕ ಚಿಹ್ನೆಯೂ ಎಡ್‌ನಿಂದ ವಿಐಗೆ, ವಿಐಯಿಂದ ವಿಮ್‌ಗೆ ಹಾಗೇ ಇಳಿದು ಬಂದಿದೆ. ಅಜ್ಜಿಯ ಮೂಗುತಿ ಮೊಮ್ಮಗಳಿಗೆ ಬಂದ ಹಾಗೆ!

ಗುಂಡಿಗೆ ಕೆಲಸ ಹೇಳಿಕೊಡುವುದು

ವಿಮ್‌ನ ಸೆಟ್ಟಿಂಗ್ಸ್ ಎಲ್ಲ ಒಂದು ಸಾಮಾನ್ಯ ಪಠ್ಯದ ಫೈಲ್‌ನಲ್ಲಿರುತ್ತವೆ. ನಾನು ಅದರಲ್ಲಿ ಬರೆದ ಮೊದಲ ಸಾಲನ್ನು ಕನ್ನಡದಲ್ಲಿ ಓದಿದರೆ ಹೀಗಿದೆ: ‘ಸಾಮಾನ್ಯ ಸ್ಥಿತಿಯಲ್ಲಿ ಎಫ್5 ಒತ್ತಿದರೆ, ಫೈಲ್ ಸೇವ್ ಮಾಡು, ಎಂಟರ್ ಒತ್ತು, ಹೊರಗಿರುವ ಪೈಥಾನ್ ಕರೆದು ಈ ಫೈಲ್‌ನ ಹೆಸರು ಕೊಡು, ಮತ್ತೆ ಎಂಟರ್ ಒತ್ತು.’ ಅಷ್ಟೇ. ನನ್ನ ಬೆರಳು ಮಾಡುತ್ತಿದ್ದ ಕೆಲಸವನ್ನು ಅದೇ ಕ್ರಮದಲ್ಲಿ ಬರೆದಿಟ್ಟಿದ್ದೇನೆ. ‘ಈ ಫೈಲ್’ ಎನ್ನಲು ಒಂದು ಶೇಕಡಾ ಚಿಹ್ನೆ ಸಾಕು. ತೆರೆದಿರುವ ಫೈಲ್‌ನ ಹೆಸರನ್ನು ವಿಮ್ ಆ ಜಾಗದಲ್ಲಿ ತಾನೇ ತುಂಬಿಕೊಳ್ಳುತ್ತದೆ.

ಈ ಸಾಲಿನ ಮೊದಲಲ್ಲಿ ‘ಮ್ಯಾಪ್’ ಎಂದು ಬರೆಯಬಹುದು, ‘ನೋರೆಮ್ಯಾಪ್’ ಎಂದೂ ಬರೆಯಬಹುದು. ಬಹಳ ಜನ ವ್ಯತ್ಯಾಸ ನೋಡದೆ ಮುಂದೆ ಹೋಗುತ್ತಾರೆ. ಬರೀ ‘ಮ್ಯಾಪ್’ ಎಂದರೆ, ಒಳಗೆ ಬರೆದ ಗುಂಡಿಗಳಿಗೆ ನೀವು ಬೇರೆ ಕಡೆ ಬೇರೆ ಅರ್ಥ ಕೊಟ್ಟಿದ್ದರೆ ಆ ಹೊಸ ಅರ್ಥವೇ ನಡೆಯುತ್ತದೆ. ಉದಾಹರಣೆಗೆ, ಕೋಲನ್ ಮತ್ತು ಸೆಮಿಕೋಲನ್ ಗುಂಡಿಗಳನ್ನು ಅದಲುಬದಲು ಮಾಡಿಕೊಂಡವರು ಅನೇಕರಿದ್ದಾರೆ. ಅವರ ಎಫ್5 ಒಳಗಿನ ಕೋಲನ್ ಕೂಡ ಸೆಮಿಕೋಲನ್ ಆಗಿಬಿಡುತ್ತದೆ, ಕೆಲಸ ಕೆಡುತ್ತದೆ. ‘ನೋರೆಮ್ಯಾಪ್’ ಎಂದರೆ ಪ್ರತಿ ಗುಂಡಿಗೂ ಮೂಲ ಅರ್ಥವೇ. ಅದನ್ನೇ ಬಳಸುವುದು ಕ್ಷೇಮ.

ಕೆಲವು ಗುಂಡಿಗಳು ಎಷ್ಟು ಹೇಳಿದರೂ ಕೇಳುವುದಿಲ್ಲ, ಅದಕ್ಕೂ ಕಾರಣವಿದೆ. ಹಳೆಯ ರೀತಿಯ ಟರ್ಮಿನಲ್‌ನಲ್ಲಿ ಟ್ಯಾಬ್ ಗುಂಡಿಯೂ ಕಂಟ್ರೋಲ್-ಐ ಕೂಡ 9 ಎಂಬ ಒಂದೇ ಸಂಖ್ಯೆ ಕಳಿಸುತ್ತವೆ. ಎಂಟರ್ ಮತ್ತು ಕಂಟ್ರೋಲ್-ಎಮ್ ಎರಡೂ 13. ಒಂದಕ್ಕೆ ಕೆಲಸ ಹೇಳಿದರೆ ಇನ್ನೊಂದಕ್ಕೂ ಹೇಳಿದಂತೆ. ಕಂಟ್ರೋಲ್-ಎಸ್ ಒತ್ತಿದರಂತೂ ಎಷ್ಟೋ ಟರ್ಮಿನಲ್‌ಗಳ ಪರದೆಯೇ ನಿಂತುಬಿಡುತ್ತದೆ. ಲ್ಯಾಪ್‌ಟಾಪ್ ಹ್ಯಾಂಗ್ ಆಯಿತೆಂದು ಆಫ್ ಮಾಡಿದವರನ್ನು ಕಂಡಿದ್ದೇನೆ. ಕಂಟ್ರೋಲ್-ಕ್ಯೂ ಒತ್ತಿದರೆ ಸಾಕು, ಮತ್ತೆ ನಡೆಯುತ್ತದೆ.

ವಿಮ್ ಇಷ್ಟವಿಲ್ಲದವರು ಬೇಸರಪಡಬೇಕಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎಫ್5 ಒತ್ತಿದರೆ ‘ರನ್’ ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ ಬರೆದ ಕಮಾಂಡ್‌ಗೆ ಹೆಸರಿಟ್ಟು, ಬೇಕಾದ ಗುಂಡಿ ಕೊಟ್ಟು ಉಳಿಸಿಕೊಳ್ಳಬಹುದು. ಕೇಟ್‌ನಲ್ಲಿ ‘ಎಕ್ಸ್‌ಟರ್ನಲ್ ಟೂಲ್ಸ್’ ಇದೆ, ವಿಎಸ್ ಕೋಡ್‌ನಲ್ಲಿ ‘ಟಾಸ್ಕ್ಸ್’ ಇದೆ. ಇಮ್ಯಾಕ್ಸ್ ಬಳಸುವವರಿಗೆ ಹೇಳುವುದೇ ಬೇಡ, ಅದರಲ್ಲಿ ಪ್ರತಿ ಗುಂಡಿಯೂ ಮಣ್ಣಿನ ಮುದ್ದೆ, ಬೇಕಾದ ಗೊಂಬೆ ಮಾಡಿಕೊಳ್ಳಬಹುದು.

ತೋರಿಸು, ತಾ, ಕೊಡು, ಬದಲಿಸು

ಹೊರಗಿನ ಕಮಾಂಡ್ ಕರೆಯುವುದರಲ್ಲಿ ನಾಲ್ಕು ಬಗೆಗಳಿವೆ. ಇವು ಗೊತ್ತಾದ ಮೇಲೆಯೇ ನನಗೆ ಗುಂಡಿ ಕಟ್ಟುವ ಧೈರ್ಯ ಬಂದದ್ದು.

ಒಂದು, ‘ತೋರಿಸು’. ಕಮಾಂಡ್ ಓಡುತ್ತದೆ, ಉತ್ತರ ಪರದೆಯಲ್ಲಿ ಕಾಣುತ್ತದೆ. ನನ್ನ ಎಫ್5 ಈ ಬಗೆಯದು. ಎರಡು, ‘ತಾ’. ಕಮಾಂಡ್‌ನ ಉತ್ತರವನ್ನು ತಂದು ಬರಹದೊಳಗೆ ಸೇರಿಸುವುದು. ಇವತ್ತಿನ ದಿನಾಂಕ ಹಾಕಲು ನನಗೊಂದು ಗುಂಡಿ ಇದೆ. ಮೂರು, ‘ಕೊಡು’. ನನ್ನ ಬರಹವನ್ನು ಕಮಾಂಡ್‌ಗೆ ಓದಲು ಕೊಡುವುದು, ಬರಹ ಹಾಗೇ ಉಳಿಯುತ್ತದೆ. ನಾಲ್ಕು, ‘ಬದಲಿಸು’. ಬರಹವನ್ನು ಕಮಾಂಡ್‌ಗೆ ಕೊಟ್ಟು, ಅದು ಹಿಂದಿರುಗಿಸಿದ್ದನ್ನು ಮೂಲದ ಜಾಗದಲ್ಲೇ ಕೂರಿಸುವುದು. ಹೆಸರುಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದಕ್ಕೆ ಇದು ಹೇಳಿ ಮಾಡಿಸಿದ್ದು.

ಮೂರು ಮತ್ತು ನಾಲ್ಕರ ವ್ಯತ್ಯಾಸ ಎಷ್ಟು ದೊಡ್ಡದು ಎನ್ನಲು ಈ ಬರಹವೇ ಸಾಕ್ಷಿ. ಪತ್ರಿಕೆಗೆ ಕಳಿಸುವಾಗ ಪದಮಿತಿ ನೋಡಿಕೊಳ್ಳಬೇಕಲ್ಲ, ಎಫ್6 ಗುಂಡಿಗೆ ಪದ ಎಣಿಸುವ ‘ಡಬ್ಲ್ಯುಸಿ’ ಕಮಾಂಡ್ ಕಟ್ಟಿದ್ದೇನೆ. ‘ಕೊಡು’ ಎಂದು ಕಟ್ಟಿದರೆ ಪದಗಳ ಸಂಖ್ಯೆ ಪರದೆಯ ಕೆಳಗೆ ಬರುತ್ತದೆ. ‘ಬದಲಿಸು’ ಎಂದು ಕಟ್ಟಿದರೆ ಇಡೀ ಲೇಖನ ಮಾಯವಾಗಿ ಆ ಜಾಗದಲ್ಲಿ ಒಂದೇ ಒಂದು ಸಂಖ್ಯೆ ಉಳಿಯುತ್ತದೆ! ಕಮಾಂಡ್ ಒಂದೇ, ಕರೆದ ರೀತಿ ಬೇರೆ.

ಅದೇ ಡಬ್ಲ್ಯುಸಿಗೆ ಪದಗಳ ಬದಲು ಬೈಟ್‌ಗಳನ್ನು ಎಣಿಸು ಎಂದರೆ ಇನ್ನೊಂದು ತಮಾಷೆ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ ಎಂದು ಐದು. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ 3 ಬೈಟ್‌ನಂತೆ 15. ಹೊರಗಿನ ಕಮಾಂಡ್‌ಗೆ ಏನು ಕೇಳುತ್ತಿದ್ದೇವೆ ಎಂದು ನಮಗೆ ಸ್ಪಷ್ಟವಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಉಳಿಯುವುದು ಸಮಯವಲ್ಲ

‘ಇಷ್ಟೆಲ್ಲ ಮಾಡಿ ಎಷ್ಟು ಸಮಯ ಉಳಿಸಿದೆ?’ ಎಂದು ಗೆಳತಿಯೊಬ್ಬಳು ಕೇಳಿದಳು. ಲೆಕ್ಕ ಹಾಕಿದೆ. ಒಂದು ಸಂಜೆಗೆ 40 ಸಲ ಪ್ರೋಗ್ರಾಂ ಓಡಿಸುತ್ತೇನೆ, ಪ್ರತಿ ಸಲ 6 ಸೆಕೆಂಡ್ ಉಳಿತಾಯ ಎಂದಿಟ್ಟುಕೊಳ್ಳಿ. ಒಟ್ಟು 240 ಸೆಕೆಂಡ್, ಅಂದರೆ 4 ನಿಮಿಷ. ಆ 4 ನಿಮಿಷವನ್ನು ರೀಲ್ಸ್ ನೋಡಿ ಕಳೆಯಲು ನನಗೆ ಕಷ್ಟವೇನಿಲ್ಲ!

ನಿಜವಾಗಿ ಉಳಿಯುವುದು ಯೋಚನೆಯ ಎಳೆ. ಅಜ್ಜಿ ಹೂ ಕಟ್ಟುವಾಗ ನೋಡಿದ್ದೇನೆ. ದಾರ ಬೆರಳ ನಡುವೆಯೇ ಇರುತ್ತದೆ, ಕಣ್ಣು ಹೂವಿನ ಮೇಲೆ, ಮಾತು ನಮ್ಮ ಜೊತೆ. ಯಾರಾದರೂ ಕರೆದು ಎಬ್ಬಿಸಿದರೆ ಮಾತ್ರ, ಮತ್ತೆ ಕೂತು ದಾರದ ತುದಿ ಹುಡುಕಬೇಕು. ಕಿಟಕಿಯಿಂದ ಕಿಟಕಿಗೆ ಹಾರುವುದೂ ಹಾಗೇ, 6 ಸೆಕೆಂಡ್‌ನ ಎದ್ದುಹೋಗುವಿಕೆ. ‘ಈ ಲೂಪ್ ಒಂದು ಸಲ ಜಾಸ್ತಿ ತಿರುಗುತ್ತಿದೆಯಾ?’ ಎಂಬ ಅನುಮಾನ ಆ 6 ಸೆಕೆಂಡ್‌ನಲ್ಲಿ ಜಾರಿಹೋದರೆ ಮತ್ತೆ ಸಿಗಲು ಅರ್ಧ ಗಂಟೆ ಬೇಕಾಗಬಹುದು. ಸಿ ಪ್ರೋಗ್ರಾಂ ಬರೆಯುವವರಿಗೆ ವಿಮ್‌ನ ‘ಮೇಕ್’ ಇನ್ನೂ ಒಂದು ಹೆಜ್ಜೆ ಮುಂದೆ. ಹೊರಗಿನ ಕಂಪೈಲರ್ ಹೇಳಿದ ತಪ್ಪುಗಳನ್ನು ಅದು ಓದಿಕೊಂಡು, ಕರ್ಸರನ್ನು ತಪ್ಪಿರುವ ಸಾಲಿಗೇ ಕರೆದೊಯ್ದು ನಿಲ್ಲಿಸುತ್ತದೆ. ಸಾಲಿನ ಸಂಖ್ಯೆ ನೆನಪಿಡುವ ಕೆಲಸವೂ ಇಲ್ಲ.

ಯು ಒತ್ತಿದರೂ ಬಾರದ್ದು

ಈಗ ಅಪಾಯದ ಮಾತು. ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ನನ್ನ ಜೊತೆಗಾರನೊಬ್ಬನಿದ್ದ. ನನ್ನ ಎಫ್5 ನೋಡಿ ಅವನಿಗೂ ಆಸೆಯಾಯಿತು. ಒಂದೊಂದೇ ಸಾಲು ಬರೆಯುವಷ್ಟು ತಾಳ್ಮೆ ಅವನಿಗಿಲ್ಲ. ಇಂಟರ್‌ನೆಟ್‌ನಲ್ಲಿ ಯಾರೋ ಅಪರಿಚಿತ ತನಗಾಗಿ ಮಾಡಿಕೊಂಡಿದ್ದ ಮುನ್ನೂರು ಚಿಲ್ಲರೆ ಸಾಲಿನ ಸೆಟ್ಟಿಂಗ್ಸ್ ಫೈಲನ್ನು ಹಾಗೇ ಇಳಿಸಿಕೊಂಡ. ಪರದೆ ಬಣ್ಣಬಣ್ಣವಾಯಿತು. ಗುಂಡಿ ಗುಂಡಿಗೂ ಏನೋ ಒಂದು ಕೆಲಸ. ಎರಡು ವಾರ ಎಲ್ಲ ಚೆನ್ನಾಗಿತ್ತು.

ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಹನ್ನೊಂದರ ಸುಮಾರಿಗೆ ಅವನ ಫೋನ್ ಬಂತು. ಯಾವುದೋ ಎರಡು ಗುಂಡಿ ಒಟ್ಟಿಗೆ ಒತ್ತಿದ್ದ. ಫೈಲ್ ಬದಲಾಗಿದೆ, ಮತ್ತೆ ಲೋಡ್ ಮಾಡಲೇ ಎಂದು ವಿಮ್ ಕೇಳಿತು, ಹೂಂ ಎಂದ. ನೋಡಿದರೆ ಆ ದಿನವೆಲ್ಲ ಬರೆದದ್ದು ಇಲ್ಲ. ಸೆಟ್ಟಿಂಗ್ಸ್ ಫೈಲ್ ಹುಡುಕಿಸಿದಾಗ ಗೊತ್ತಾಯಿತು, ಆ ಗುಂಡಿಗಳಿಗೆ ಕಟ್ಟಿದ್ದದ್ದು ಹೊರಗಿನ ಗಿಟ್ ಕಮಾಂಡ್. ಇಡೀ ಫೋಲ್ಡರನ್ನು ಕೊನೆಯ ಸಲ ಕಮಿಟ್ ಮಾಡಿದ ಸ್ಥಿತಿಗೆ ಮರಳಿಸು ಎಂಬುದು ಅದರ ಅರ್ಥ. ಅವನು ಕೊನೆಯ ಸಲ ಕಮಿಟ್ ಮಾಡಿದ್ದು ಹಿಂದಿನ ದಿನ.

‘ಯು ಒತ್ತು’ ಎಂದೆ. ವಿಮ್‌ನಲ್ಲಿ ಮಾಡಿದ್ದನ್ನು ಹಿಂದೆಗೆಯುವ ಗುಂಡಿ ಅದು. ತೆರೆದಿದ್ದ ಒಂದು ಫೈಲ್ ಹಾಗೇ ಮರಳಿ ಬಂತು. ಫೋನ್‌ನಲ್ಲೇ ಇಬ್ಬರೂ ಉಸಿರು ಬಿಟ್ಟೆವು. ಆದರೆ ಆ ದಿನ ಅವನು ಬದಲಿಸಿದ್ದು ಮೂರು ಫೈಲ್. ಉಳಿದೆರಡನ್ನು ಸೇವ್ ಮಾಡಿ, ಮುಚ್ಚಿ, ಎಡಿಟರ್‌ನಿಂದ ಹೊರಬಂದು ಮತ್ತೆ ತೆರೆದಿದ್ದ. ಅವು ಬರಲಿಲ್ಲ. ಎಡಿಟರ್‌ನ ಒಳಗೆ ಆದದ್ದಕ್ಕೆ ಮಾತ್ರ ಎಡಿಟರ್‌ನ ‘ಯು’. ಹೊರಗೆ ಹೋಗಿ ಕೆಲಸ ಮಾಡಿ ಬಂದ ಕಮಾಂಡ್ ಏನು ಅಳಿಸಿತೋ ಅದು ಅದಕ್ಕೆ ಗೊತ್ತೇ ಇಲ್ಲ.

ಬೆಳಗಿನ ನಾಲ್ಕರವರೆಗೆ ಇಬ್ಬರೂ ಫೋನ್ ಇಡದೆ ನೆನಪಿನಿಂದ ಬರೆದೆವು. ಒಂದು ಫೈಲ್ ಮುಗಿಯಿತು, ಇನ್ನೊಂದು ಅರ್ಧವಾಯಿತು. ಪರೀಕ್ಷಕರ ಮುಂದೆ ವರದಿ ಅಚ್ಚು ಹಾಕುವ ಭಾಗ ತೋರಿಸಲಾಗಲಿಲ್ಲ, ಅಂಕ ಹೋಯಿತು. ಅಂಕಕ್ಕಿಂತ ನನಗೆ ನೋವಾದದ್ದು ಅವನು ಆಮೇಲೆ ಆಡಿದ ಮಾತು: ‘ಇದೆಲ್ಲ ನಮ್ಮಂಥವರಿಗಲ್ಲ ಬಿಡು.’ ಆ ಮಾತು ನಿಜವಲ್ಲ. ಆ ಫೈಲ್ ಬರೆದ ಅಪರಿಚಿತನಿಗೆ ಅದು ಸರಿಯಾದ ಗುಂಡಿಯೇ ಆಗಿತ್ತು. ಗಂಟೆಗೊಮ್ಮೆ ಕಮಿಟ್ ಮಾಡುವ ಅಭ್ಯಾಸ ಅವನಿಗಿದ್ದಿರಬೇಕು. ಬೇರೆಯವರ ಕನ್ನಡಕ ಹಾಕಿಕೊಂಡು ರಸ್ತೆ ದಾಟಿದರೆ ಎಡವುತ್ತೇವೆ, ಅದು ಕನ್ನಡಕದ ದೋಷವೂ ಅಲ್ಲ, ಕಣ್ಣಿನ ದೋಷವೂ ಅಲ್ಲ.

ಕಟ್ಟುವ ಮುನ್ನ

ಆಮೇಲೆ ನಾವಿಬ್ಬರೂ ಕೂತು ಕೆಲವು ನಿಯಮ ಮಾಡಿಕೊಂಡೆವು. ಅವನು ಎಲ್ಲ ಅಳಿಸಿ, ಖಾಲಿ ಫೈಲ್‌ನಿಂದ ಮತ್ತೆ ಶುರು ಮಾಡಿದ.

ಮೊದಲನೆಯದು, ಕೈಯಲ್ಲಿ ಹತ್ತು ಸಲ ಕೊಟ್ಟು ನೋಡದ ಕಮಾಂಡನ್ನು ಗುಂಡಿಗೆ ಕಟ್ಟುವುದಿಲ್ಲ. ಟೈಪ್ ಮಾಡುವಾಗ ಅದರ ಗುಣ, ಸಿಟ್ಟು ಎರಡೂ ಗೊತ್ತಾಗುತ್ತವೆ.

ಎರಡನೆಯದು, ಅಳಿಸುವ ಅಥವಾ ಹಿಂದಿನ ಸ್ಥಿತಿಗೆ ಮರಳಿಸುವ ಕಮಾಂಡ್‌ಗೆ ಗುಂಡಿ ಇಲ್ಲವೇ ಇಲ್ಲ. ಅಂಥದ್ದನ್ನು ಪೂರ್ತಿ ಟೈಪ್ ಮಾಡುವ ಕಷ್ಟವೇ ನಮಗೆ ಕಾವಲು. ಬಾವಿಗೆ ಕಟ್ಟೆ ಕಟ್ಟುವುದು ನೀರು ಸೇದುವವರಿಗೆ ತೊಂದರೆ ಕೊಡಲಿಕ್ಕಲ್ಲವಲ್ಲ.

ಮೂರನೆಯದು, ಫೈಲ್ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಎಚ್ಚರ. ‘ಹಳೆ ಲೆಕ್ಕ’ ಎಂಬ ಫೈಲ್ ಹೊರಗಿನ ಕಮಾಂಡ್‌ಗೆ ‘ಹಳೆ’ ಮತ್ತು ‘ಲೆಕ್ಕ’ ಎಂಬ ಎರಡು ಫೈಲ್‌ಗಳಾಗಿ ಕಾಣಬಹುದು. ವಿಮ್‌ನಲ್ಲಿ ಶೇಕಡಾ ಚಿಹ್ನೆಯ ಪಕ್ಕ ಒಂದು ಕೋಲನ್, ಒಂದು ದೊಡ್ಡ ಎಸ್ ಸೇರಿಸಿದರೆ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿ, ಒಂದೇ ಹೆಸರಾಗಿ ಕಳಿಸುತ್ತದೆ.

ನಾಲ್ಕನೆಯದು, ಒಂದು ಗುಂಡಿಯಲ್ಲಿ ಏನಿದೆ ಎಂದು ಅನುಮಾನ ಬಂದರೆ ಒತ್ತಿ ನೋಡುವುದಲ್ಲ, ಕೇಳಿ ನೋಡುವುದು. ‘ವರ್ಬೋಸ್ ಮ್ಯಾಪ್’ ಎಂದು ಬರೆದು ಗುಂಡಿಯ ಹೆಸರು ಕೊಟ್ಟರೆ, ಅದಕ್ಕೆ ಏನು ಕಟ್ಟಿದೆ, ಯಾವ ಫೈಲ್‌ನಿಂದ ಬಂತು ಎಂದು ವಿಮ್ ಹೇಳುತ್ತದೆ.

ಐದನೆಯದು, ಎಡಿಟರ್ ಅನ್ನು ಅಪ್‌ಡೇಟ್ ಮಾಡಿಕೊಳ್ಳುವುದು. ವಿಮ್‌ನಲ್ಲಿ ಒಂದು ಪಠ್ಯದ ಫೈಲ್ ತನ್ನೊಳಗಿನ ಒಂದು ಸಾಲಿನಿಂದಲೇ ಎಡಿಟರ್‌ಗೆ ಕೆಲವು ಸೆಟ್ಟಿಂಗ್ಸ್ ಹೇಳಬಹುದು. ಅದರಲ್ಲಿ ಇದ್ದ ಒಂದು ದೋಷ 2019ರಲ್ಲಿ ಬೆಳಕಿಗೆ ಬಂತು. ಆ ಸೌಲಭ್ಯ ಆನ್ ಇದ್ದವರು ಕೆಟ್ಟ ಉದ್ದೇಶದ ಫೈಲೊಂದನ್ನು ಬರೀ ತೆರೆದರೂ ಸಾಕಿತ್ತು, ಹೊರಗಿನ ಕಮಾಂಡ್ ಓಡುತ್ತಿತ್ತು. ಗುಂಡಿ ಒತ್ತುವುದೂ ಬೇಕಿರಲಿಲ್ಲ! ಕೂಡಲೇ ಸರಿಪಡಿಸಿದರು. ಆದರೆ ಅಪ್‌ಡೇಟ್ ಮಾಡಿಕೊಳ್ಳದವರಿಗೆ ಆ ಸರಿಪಡಿಕೆ ತಲುಪುವುದು ಹೇಗೆ?

ಹೊರಗಿನ ಕಮಾಂಡ್ ಕರೆಯುವ ಗುಂಡಿಗೆ ನಮ್ಮ ಕಂಪ್ಯೂಟರ್‌ನಲ್ಲಿ ನಮಗಿರುವಷ್ಟೇ ಅಧಿಕಾರವಿದೆ. ನಾವು ಓದಬಲ್ಲದ್ದನ್ನು ಅದು ಓದಬಲ್ಲದು, ನಾವು ಅಳಿಸಬಲ್ಲದ್ದನ್ನು ಅಳಿಸಬಲ್ಲದು. ಅದು ನಮ್ಮ ಹೆಸರಿನಲ್ಲಿ ಹಾಕಿದ ಸಹಿ ಇದ್ದ ಹಾಗೆ. ಖಾಲಿ ಕಾಗದಕ್ಕೆ ಸಹಿ ಹಾಕಬೇಡ ಎಂದು ಹಿರಿಯರು ಹೇಳುವುದಿಲ್ಲವೇ?

ನಮ್ಮ ಫೋನು, ಬ್ಯಾಂಕ್ ಆ್ಯಪು, ಎಲ್ಲದರಲ್ಲೂ ದಿನಕ್ಕೆ ನೂರಾರು ಗುಂಡಿ ಒತ್ತುತ್ತೇವೆ. ಅವುಗಳ ಹಿಂದೆ ಏನು ಓಡುತ್ತದೆ ಎಂದು ನೋಡಲು ನಮಗೆ ಬಾಗಿಲಿಲ್ಲ. ಎಡಿಟರ್‌ನಲ್ಲಿ ಬಾಗಿಲು ತೆರೆದಿದೆ. ಗುಂಡಿಯಿಂದ ಕಮಾಂಡ್‌ವರೆಗೆ, ಕಮಾಂಡ್‌ನಿಂದ ಉತ್ತರದವರೆಗೆ ಪೂರ್ತಿ ದಾರಿ ಕಾಣುತ್ತದೆ, ಒಂದು ಸಾಲಿನಲ್ಲಿ. ಅದಕ್ಕೆ ದುಬಾರಿ ಲ್ಯಾಪ್‌ಟಾಪ್ ಬೇಡ, ಕೋರ್ಸ್ ಬೇಡ.

ನೀವೂ ಶುರು ಮಾಡುವುದಾದರೆ ಇವತ್ತು ಸಂಜೆ ಕೈಯಿಂದ ಅತಿ ಹೆಚ್ಚು ಸಲ ಮಾಡಿದ ಒಂದೇ ಒಂದು ಕೆಲಸ ಯಾವುದೆಂದು ಬರೆದುಕೊಳ್ಳಿ. ನಾಳೆ ಅದಕ್ಕೊಂದು ಗುಂಡಿ ಕೊಡಿ. ಒಂದು ವಾರ ಬೇರೇನೂ ಸೇರಿಸಬೇಡಿ. ನನ್ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಇವತ್ತಿಗೆ ಇರುವುದು ಹನ್ನೊಂದು ಸಾಲು. ಜೊತೆಗಾರನದು ಏಳು. ಯಾರಾದರೂ ನಿದ್ದೆಯಲ್ಲಿ ಎಬ್ಬಿಸಿ ಯಾವ ಸಾಲು ಕೇಳಿದರೂ ಇಬ್ಬರೂ ಅರ್ಥ ಹೇಳುತ್ತೇವೆ.